ಬೇರೆ ಊರಿನಿಂದ ಬಂದ ಆ ಹುಡುಗನಿಗಾಗಿ ನಮ್ಮ ಓಣಿ ಏನು ಮಾಡಬಹುದು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ. ಪಕ್ಕದ ಮನೆಯ ಅಜ್ಜಿಯ ಬಳಿಗೆ ನಾಲ್ಕು ತಿಂಗಳ ಹಿಂದೆ ಅವರ ಮಗಳ ಮಗ ಬಂದಿದ್ದಾನೆ. ವಯಸ್ಸು ಒಂಬತ್ತು, ನಾಲ್ಕನೆಯ ತರಗತಿ. ತಾಯಿ ತೀರಿಕೊಂಡು ಮೂರು ವರ್ಷವಾಯಿತು. ತಂದೆ ಕುಡಿದು ಬಂದು ಹೊಡೆಯುತ್ತಿದ್ದ, ಊಟ ಕೊಡದೆ ಕೋಣೆಯಲ್ಲಿ ಕೂಡಿಹಾಕುತ್ತಿದ್ದ, ಸೌಟು ಕಾಯಿಸಿ ತೊಡೆಯ ಮೇಲೆ ಬರೆ ಎಳೆದಿದ್ದ. ಅಲ್ಲಿಯ ಶಾಲೆಯ ಗುರುಗಳು ಗಾಯ ಕಂಡು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ ಮೇಲೆ ಮಕ್ಕಳ ಕಲ್ಯಾಣ ಸಮಿತಿಯವರು ಹುಡುಗನನ್ನು ಅಜ್ಜಿಗೆ ಒಪ್ಪಿಸಿದರು. ನಮ್ಮ ಓಣಿಯವರೆಲ್ಲ ಅವನನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದೇವೆ. ಆದರೆ ಹುಡುಗ ನಮಗೆ ಅರ್ಥವಾಗುತ್ತಿಲ್ಲ. ರೊಟ್ಟಿಯನ್ನು ಪಾಟಿಚೀಲದಲ್ಲಿ ಬಚ್ಚಿಡುತ್ತಾನೆ. ಒಗ್ಗರಣೆಗೆ ಸೌಟು ಕಾಯಲು ಇಟ್ಟರೆ ಮನೆಯಿಂದ ಹೊರಗೆ ಓಡುತ್ತಾನೆ. ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಸಣ್ಣ ಮಕ್ಕಳನ್ನು ಹೊಡೆಯುತ್ತಾನೆ, ಆದರೆ ಅಂಗಡಿಗೆ ಬಂದ ಗುರುತಿಲ್ಲದವರ ಕೈ ಹಿಡಿದುಕೊಂಡು ನಿಲ್ಲುತ್ತಾನೆ. ಇಷ್ಟಾದರೂ ‘ಅಪ್ಪನ ಹತ್ರ ಹೋಗ್ತೀನಿ’ ಎಂದು ಅಳುತ್ತಾನೆ. ಗಾಳಿ ಸೋಕಿದೆ ಎಂದು ಕೆಲವರು, ಹಾಸ್ಟೆಲಿಗೆ ಹಾಕಿ ಎಂದು ಕೆಲವರು, ತಂದೆಯನ್ನು ಕರೆಸಿ ರಾಜಿ ಮಾಡಿಸೋಣ ಎಂದು ಹಿರಿಯರು ಹೇಳುತ್ತಿದ್ದಾರೆ. ನಾನು ಓದಿದ್ದು ಏಳನೆಯ ತರಗತಿ. ಡಾಕ್ಟರು ಮಾಡಬೇಕಾದ ಕೆಲಸವನ್ನು ನಮ್ಮಂಥವರು ಮಾಡಲಾದೀತೇ? ಆದದ್ದರ ಬಗ್ಗೆ ಅವನನ್ನು ಕೇಳಬೇಕೋ, ಸುಮ್ಮನಿರಬೇಕೋ? ಮುಂದೆ ಅವನೂ ತಂದೆಯಂತೆಯೇ ಆಗಿಬಿಡುತ್ತಾನೆಯೇ?

ಉತ್ತರ: ನಿಮ್ಮ ಪತ್ರವನ್ನು ನಾನು ಎರಡು ಬಾರಿ ಓದಿದೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳ ಮನೋವೈದ್ಯಕೀಯ ವಿಭಾಗದಲ್ಲಿ ಕೆಲಸ ಮಾಡಿದ ನನಗೆ, ಒಂದು ಮಗುವಿನ ಸ್ಥಿತಿಯನ್ನು ಇಷ್ಟು ನಿಖರವಾಗಿ ಗಮನಿಸಿ ಬರೆದವರು ಅಪರೂಪಕ್ಕೆ ಸಿಕ್ಕಿದ್ದಾರೆ. ರೊಟ್ಟಿ, ಸೌಟು, ಹಾಸಿಗೆ, ಹೊಡೆತ, ಅಪರಿಚಿತರ ಕೈ, ಅಪ್ಪನ ನೆನಪು ಎಂದು ನೀವು ಆರು ಸಂಗತಿಗಳನ್ನು ಹೇಳಿದ್ದೀರಿ. ಇವು ನಿಮಗೆ ಒಂದಕ್ಕೊಂದು ಹೊಂದದ ಒಗಟುಗಳಂತೆ ಕಾಣುತ್ತಿವೆ, ಆದರೆ ಆರಕ್ಕೂ ಬೇರು ಒಂದೇ.

ಮೊದಲು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಿಮ್ಮಂಥವರು ಮಾಡಲಾದೀತೇ ಎಂದು ಕೇಳಿದ್ದೀರಿ. ಒಳ್ಳೆಯ ಆಸ್ಪತ್ರೆಯಲ್ಲಿ ಈ ಮಗುವಿಗೆ ವಾರಕ್ಕೆ ಒಂದು ಗಂಟೆ ಆಪ್ತಸಮಾಲೋಚನೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ವಾರದಲ್ಲಿರುವುದು 168 ಗಂಟೆ. ಉಳಿದ 167 ಗಂಟೆ ಆ ಹುಡುಗ ಅಜ್ಜಿಯ ಮನೆಯಲ್ಲಿ, ನಿಮ್ಮ ಅಂಗಡಿಯ ಕಟ್ಟೆಯ ಮೇಲೆ, ಶಾಲೆಯ ಅಂಗಳದಲ್ಲಿ ಇರುತ್ತಾನೆ. ಆ ಗಂಟೆಗಳು ಹೇಗೆ ಕಳೆಯುತ್ತವೆ ಎಂಬುದರ ಮೇಲೆ ನನ್ನಂಥವರ ಒಂದು ಗಂಟೆಯ ಫಲ ನಿಂತಿರುತ್ತದೆ. ಹಿಂಸೆ ಅನುಭವಿಸಿದ ಮಕ್ಕಳಿಗೆಂದು ರೂಪುಗೊಂಡ, ಸಾಮಾನ್ಯವಾಗಿ 12ರಿಂದ 16 ಭೇಟಿಗಳಲ್ಲಿ ಮುಗಿಯುವ ಮಾನಸಿಕ ಚಿಕಿತ್ಸೆಯೊಂದಿದೆ. ಅದರಲ್ಲಿ ಕೂಡ ಮಗುವಿನ ಜೊತೆಗೆ, ಹಿಂಸೆಯಲ್ಲಿ ಪಾಲಿಲ್ಲದ ಮನೆಯ ಹಿರಿಯರೊಬ್ಬರನ್ನು ಪ್ರತಿ ಹಂತದಲ್ಲಿಯೂ ಕೂರಿಸಿಕೊಳ್ಳುತ್ತೇವೆ. ಆ ಹಿರಿಯರಿಲ್ಲದೆ ಚಿಕಿತ್ಸೆ ಮುಂದೆ ಸಾಗುವುದು ಕಷ್ಟ.

ಹವಾಯಿ ದ್ವೀಪಸಮೂಹದ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಕುಡಿತ, ಮನೆಯ ಜಗಳ, ತಂದೆತಾಯಿಯ ಮಾನಸಿಕ ಕಾಯಿಲೆ ಎಂದು ನಾನಾ ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗಟ್ಟಿಯಾದ, ಇತರರ ಬಗ್ಗೆ ಕಾಳಜಿಯುಳ್ಳ ವಯಸ್ಕರಾಗಿ ನಿಂತರು. ಹದಿಹರೆಯದಲ್ಲಿ ದಾರಿ ತಪ್ಪಿದ್ದ ಉಳಿದವರಲ್ಲಿಯೂ ಹಲವರು ಮೂವತ್ತು-ನಲವತ್ತರ ಹೊತ್ತಿಗೆ ಚೇತರಿಸಿಕೊಂಡರು. ಹಾಗೆ ನಿಂತವರ ಬದುಕಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವರು ಯಾರೆಂದರೆ ಅಜ್ಜ, ಅಜ್ಜಿ, ದೊಡ್ಡಮ್ಮ, ಒಬ್ಬ ಶಿಕ್ಷಕಿ, ಒಬ್ಬ ನೆರೆಯವರು, ಇಲ್ಲವೇ ಪ್ರಾರ್ಥನಾ ಮಂದಿರದ ಹಿರಿಯರೊಬ್ಬರು. ನಿಮ್ಮ ಓಣಿಯಲ್ಲಿ ಇಷ್ಟೂ ಜನ ಇದ್ದಾರೆ.

ಹಾಗಿದ್ದೂ ನಾಲ್ಕು ತಿಂಗಳಲ್ಲಿ ಹುಡುಗ ಯಾಕೆ ಸುಧಾರಿಸಲಿಲ್ಲ? ನೀವು ಬರೆದಿರುವ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಇಂಥ ಸಂದರ್ಭಗಳಲ್ಲಿ ಊರಿನ ಪ್ರೀತಿ ಸಾಮಾನ್ಯವಾಗಿ ಕನಿಕರದ ರೂಪದಲ್ಲಿ ಬರುತ್ತದೆ. ‘ಪಾಪ, ತಾಯಿಲ್ಲದ ಕೂಸು’ ಎಂದು ದಿನಕ್ಕೆ ಹತ್ತು ಜನ ತಲೆ ಸವರುತ್ತಾರೆ. ‘ಎಲ್ಲಿ ಬರಿ ಹಾಕ್ಯಾನಪ್ಪಾ, ತೋರ್ಸು’ ಎಂದು ಚಡ್ಡಿ ಸರಿಸಿ ನೋಡುತ್ತಾರೆ. ಹಬ್ಬಕ್ಕೆ ಐದು ಮನೆಯಿಂದ ಹೋಳಿಗೆ ಬರುತ್ತದೆ, ಮುಂದಿನ ವಾರ ಯಾರೂ ನೆನೆಯುವುದಿಲ್ಲ. ಈ ಮಗು ಇಷ್ಟು ದಿನ ಬದುಕಿದ್ದ ಮನೆಯಲ್ಲಿ ಮುಂದಿನ ಗಳಿಗೆ ಏನಾಗುತ್ತದೆಂಬುದು ಎಂದೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಮುದ್ದು, ಒಂದು ದಿನ ಬರೆ. ಅಲೆಯಂತೆ ಬಂದು ಹೋಗುವ ಕನಿಕರವೂ ಅವನಿಗೆ ನಂಬಲಾಗದ ಸಂಗತಿಯಾಗಿಯೇ ಉಳಿಯುತ್ತದೆ. ಅವನಿಗೆ ಬೇಕಾಗಿರುವುದು ಕೆಲವೇ ಕೆಲವರು, ಸಣ್ಣ ಸಣ್ಣ ಕೆಲಸಗಳನ್ನು, ದಿನವೂ ಅದೇ ಹೊತ್ತಿಗೆ, ಅದೇ ರೀತಿಯಲ್ಲಿ, ತಿಂಗಳುಗಟ್ಟಲೆ ಮಾಡುವುದು.

ಅವನೊಳಗೆ ಏನಾಗುತ್ತಿದೆ ಎಂಬುದನ್ನು ಈಗ ವಿವರಿಸುತ್ತೇನೆ. ಅಪಾಯ ಬಂದಾಗ ಎಚ್ಚರಿಸುವ ಕೇಂದ್ರವೊಂದು ಮೆದುಳಿನ ಆಳದಲ್ಲಿದೆ. ಅದು ಯೋಚನೆಗಿಂತ ವೇಗವಾಗಿ ಕೆಲಸ ಮಾಡಿ ಎದೆಬಡಿತ ಹೆಚ್ಚಿಸುತ್ತದೆ, ಕಾಲುಗಳನ್ನು ಓಡಲು ಅಣಿಗೊಳಿಸುತ್ತದೆ. ದಿನನಿತ್ಯ ಹೊಡೆತ ತಿನ್ನುವ ಮಗುವಿನಲ್ಲಿ ಈ ಎಚ್ಚರ ಆರದೆ ಉರಿಯುತ್ತಲೇ ಇರುತ್ತದೆ, ಮಗು ಸುರಕ್ಷಿತ ಮನೆಗೆ ಬಂದ ತಕ್ಷಣ ಅದು ನಿಲ್ಲುವುದಿಲ್ಲ. ಅಜ್ಜಿ ಸೌಟು ಕಾಯಲು ಇಟ್ಟಾಗ ಅವನಿಗೆ ಕಾಣುವುದು ಒಗ್ಗರಣೆಯಲ್ಲ. ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿದೊಡನೆ, ಅಜ್ಜಿ ಬೇರೆ ಅಪ್ಪ ಬೇರೆ ಎಂದು ಯೋಚಿಸುವುದಕ್ಕೆ ಮೊದಲೇ ಅವನ ಕಾಲುಗಳು ಓಡಿರುತ್ತವೆ. ‘ನಾನೇನು ಮಾಡ್ತೀನಿ ನಿನಗೆ, ಯಾಕ ಓಡ್ತಿ’ ಎಂದು ಅಜ್ಜಿ ನೊಂದುಕೊಂಡರೆ ಅವನ ಬಳಿ ಉತ್ತರವಿರುವುದಿಲ್ಲ. ಕುಡಿದವರ ಬಾಯಿಯ ವಾಸನೆ, ಚಿಲಕ ಹಾಕುವ ಸದ್ದು, ಬಾಗಿಲ ಹೊರಗೆ ಬೂಟಿನ ಸಪ್ಪಳ ಇವೂ ಹೀಗೆಯೇ ಅವನನ್ನು ಕಲಕುತ್ತಿರಬಹುದು. ಎರಡು ವಾರ ಗಮನಿಸಿ ಒಂದು ಹಾಳೆಯಲ್ಲಿ ಬರೆದಿಡಿ. ಚಿಕಿತ್ಸಕರಿಗೆ ಆ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.

ಹೊಡೆಯುವುದಕ್ಕೂ ಕಾರಣ ಇದೇ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸೇತ್ ಪೊಲಾಕ್ ಮತ್ತು ಅವರ ಸಂಗಡಿಗರು, ಮಸುಕಾಗಿದ್ದು ನಿಧಾನವಾಗಿ ಸ್ಪಷ್ಟವಾಗುವ ಮುಖದ ಚಿತ್ರಗಳನ್ನು ಮಕ್ಕಳಿಗೆ ತೋರಿಸಿದರು. ಮನೆಯಲ್ಲಿ ಹೊಡೆತ ತಿಂದಿದ್ದ ಮಕ್ಕಳು ಉಳಿದವರಿಗಿಂತ ಬೇಗ, ಚಿತ್ರ ಇನ್ನೂ ಮಸುಕಾಗಿರುವಾಗಲೇ, ಮುಖದಲ್ಲಿನ ಸಿಟ್ಟನ್ನು ಗುರುತಿಸಿದರು. ಸಿಟ್ಟನ್ನು ಮೊದಲೇ ಕಂಡುಕೊಂಡರೆ ಓಡಿ ತಪ್ಪಿಸಿಕೊಳ್ಳಬಹುದಾದ ಮನೆಯಲ್ಲಿ ಅದು ಪ್ರಾಣ ಉಳಿಸುವ ಕಲೆ. ಆದರೆ ಅದೇ ಕಣ್ಣು ಶಾಲೆಯ ಅಂಗಳದಲ್ಲಿ, ಆಟದ ಭರದಲ್ಲಿ ಹುಬ್ಬು ಗಂಟಿಕ್ಕಿದ ಸಣ್ಣ ಹುಡುಗನಲ್ಲಿಯೂ ಸಿಟ್ಟನ್ನೇ ಕಂಡು, ಅವನು ಹೊಡೆಯುವ ಮೊದಲು ತಾನೇ ಕೈಯೆತ್ತುವಂತೆ ಮಾಡುತ್ತದೆ. ಇದನ್ನು ತಿಳಿದುಕೊಂಡ ಮಾತ್ರಕ್ಕೆ ಹೊಡೆತವನ್ನು ಸಹಿಸಬೇಕಾಗಿಲ್ಲ. ಪೆಟ್ಟು ತಿಂದ ಮಗುವೂ ನಿಮ್ಮ ಓಣಿಯ ಮಗುವೇ. ಇಬ್ಬರ ನಡುವೆ ನಿಂತು, ಕೈಯನ್ನು ಮೆತ್ತಗೆ ತಡೆದು, ‘ಹೊಡೆಯೋಕೆ ನಾನು ಬಿಡುವುದಿಲ್ಲ, ನಿನ್ನನ್ನು ಹೊಡೆಯೋಕೂ ಯಾರನ್ನೂ ಬಿಡುವುದಿಲ್ಲ’ ಎಂದು ಒಂದೇ ಮಾತು ಹೇಳಿ. ಬುದ್ಧಿಮಾತು ಆ ಗಳಿಗೆಯಲ್ಲಿ ಕಿವಿಗೆ ಹೋಗುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಏನಾಯಿತೆಂದು ಕೇಳಬಹುದು. ಅವನನ್ನು ತಿರುಗಿ ಹೊಡೆದು ‘ಈಗ ತಿಳೀತೇನು’ ಎನ್ನುವವರು ಓಣಿಯಲ್ಲಿ ಒಬ್ಬರಿದ್ದರೂ ಉಳಿದವರ ತಿಂಗಳುಗಳ ಶ್ರಮ ಕೊಚ್ಚಿಹೋಗುತ್ತದೆ.

ರೊಟ್ಟಿ ಬಚ್ಚಿಡುವುದು ಕಳ್ಳತನವಲ್ಲ. ಊಟವನ್ನೇ ಶಿಕ್ಷೆಯಾಗಿ ಬಳಸಿದ ಮನೆಯಿಂದ ಬಂದವನು ನಾಳೆಗೆಂದು ಕೂಡಿಡುತ್ತಾನೆ. ಚೀಲ ಜಾಲಾಡಿ ರೊಟ್ಟಿ ಹೊರತೆಗೆದು ಎಲ್ಲರೆದುರು ತೋರಿಸಬೇಡಿ. ಮುಚ್ಚಳವಿರುವ ಒಂದು ಡಬ್ಬಿಯನ್ನು ಅವನ ಕೈಗೆ ಎಟುಕುವ ಜಾಗದಲ್ಲಿಟ್ಟು, ಅದರಲ್ಲಿ ಮಂಡಕ್ಕಿಯನ್ನೋ ಶೇಂಗಾವನ್ನೋ ತುಂಬಿ, ಇದು ನಿನ್ನದು, ಕೇಳದೆ ತಿನ್ನಬಹುದು, ಖಾಲಿಯಾದರೆ ಮತ್ತೆ ತುಂಬುತ್ತದೆ ಎಂದು ಹೇಳಿ. ಮೊದಲ ದಿನಗಳಲ್ಲಿ ಅವನು ಒಂದೇ ಸಲಕ್ಕೆ ಖಾಲಿ ಮಾಡಿ ನಿಮ್ಮ ಮುಖ ನೋಡಬಹುದು. ಮಾತಿಲ್ಲದೆ ಮತ್ತೆ ತುಂಬಿ. ಕಿರಾಣಿ ಅಂಗಡಿಯವರಾದ ನಿಮಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ನನ್ನ ಬಳಿಗೆ ಬರುತ್ತಿದ್ದ ಒಬ್ಬ ಹುಡುಗಿ ಇಂಥ ಡಬ್ಬಿಯನ್ನು ಏಳು ತಿಂಗಳು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡೇ ಮಲಗಿದಳು. ಎಂಟನೆಯ ತಿಂಗಳು ಅದನ್ನು ತಾನಾಗಿಯೇ ಅಡುಗೆಮನೆಯ ಗೂಡಿನಲ್ಲಿಟ್ಟು ಬಂದಳು.

ಹಾಸಿಗೆ ಒದ್ದೆಯಾಗುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನು ಬೇಕೆಂದು ಮಾಡುತ್ತಿಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆಗಳಿಂದಲೂ ಹೀಗಾಗಬಹುದಾದ್ದರಿಂದ ಒಮ್ಮೆ ವೈದ್ಯರಿಗೆ ತೋರಿಸಿ. ಬೆಳಿಗ್ಗೆ ಹಾಸಿಗೆಯನ್ನು ಓಣಿಗೆ ಕಾಣುವಂತೆ ಒಣಹಾಕದೆ ಹಿತ್ತಲಲ್ಲಿ ಹಾಕಲು ಅಜ್ಜಿಗೆ ಹೇಳಿ.

ಅಪರಿಚಿತರ ಕೈ ಹಿಡಿಯುವುದು ನನಗೆ ಹೆಚ್ಚು ಆತಂಕ ಕೊಡುವ ಸಂಗತಿ. ಯಾರನ್ನು ನಂಬಬೇಕು, ಯಾರನ್ನು ಬಿಡಬೇಕು ಎಂಬ ಅಳತೆಯೇ ಈ ಮಗುವಿನಲ್ಲಿ ಕೆಟ್ಟುಹೋಗಿದೆ. ನೋಡುವವರಿಗೆ ಮುದ್ದಾಗಿ ಕಾಣುವ ಈ ಸ್ವಭಾವವನ್ನು ದುರುಪಯೋಗ ಮಾಡುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಅವನನ್ನು ಶಾಲೆಯಿಂದ ಕರೆತರುವವರು, ಸಂತೆಗೆ ಜೊತೆಗೆ ಒಯ್ಯುವವರು, ಮನೆಯೊಳಗೆ ಕೂರಿಸಿಕೊಳ್ಳುವವರು ಇಂಥ ನಾಲ್ಕೈದು ಜನ ಮಾತ್ರ ಎಂದು ಅಜ್ಜಿಯೂ ನೀವೂ ಸೇರಿ ತೀರ್ಮಾನಿಸಿ, ಆ ಹೆಸರುಗಳನ್ನು ಅವನಿಗೂ ಶಾಲೆಗೂ ತಿಳಿಸಿ. ಮುಂದೆ ಅವನ ಬಾಯಿಂದ ಲೈಂಗಿಕ ಕಿರುಕುಳದ ಸೂಚನೆಯೇನಾದರೂ ಬಂದರೆ, ಹಳೆಯದಿರಲಿ ಹೊಸದಿರಲಿ, ಅದನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದ ಪ್ರತಿಯೊಬ್ಬರ ಕರ್ತವ್ಯ. ಮುಚ್ಚಿಟ್ಟರೆ ಶಿಕ್ಷೆಯಿದೆ.

ಇನ್ನು ಕೇಳಬೇಕೋ, ಸುಮ್ಮನಿರಬೇಕೋ ಎಂಬುದು. ಕೆದಕಿ ಕೇಳಬೇಡಿ. ಒಮ್ಮೆ ಎಲ್ಲವನ್ನೂ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ತಪ್ಪು. ಹಾಗೆ ಒತ್ತಾಯದಿಂದ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಹತ್ತು ಜನ ಹತ್ತು ರೀತಿಯಲ್ಲಿ ಕೇಳಿದರೆ ಮಗುವಿನ ನೆನಪೇ ಕಲಸಿಹೋಗುತ್ತದೆ, ನಾಳೆ ನ್ಯಾಯಾಲಯದಲ್ಲಿ ಅದು ಅವನ ವಿರುದ್ಧವೇ ತಿರುಗಬಹುದು. ಆದರೆ ಅವನಾಗಿಯೇ ಮಾತೆತ್ತಿದಾಗ ‘ಬಿಡಪ್ಪಾ, ಮರೆತುಬಿಡು’ ಎಂದು ಬಾಯಿ ಮುಚ್ಚಿಸುವುದೂ ಅಷ್ಟೇ ತಪ್ಪು. ಮಕ್ಕಳು ಇಂಥದ್ದನ್ನು ಎದುರು ಕುಳಿತು ಹೇಳುವುದಿಲ್ಲ. ಶೇಂಗಾ ಬಿಡಿಸುವಾಗ, ದನಕ್ಕೆ ಹುಲ್ಲು ಹಾಕುವಾಗ, ಕತ್ತಲಲ್ಲಿ ಮಲಗಿರುವಾಗ, ಒಂದು ತುಣುಕು ಹೇಳಿ ನಿಮ್ಮ ಉತ್ತರವನ್ನು ಕಾಯುತ್ತಾರೆ. ಕೈಯ ಕೆಲಸ ನಿಲ್ಲಿಸದೆ ಕೇಳಿಸಿಕೊಳ್ಳಿ. ‘ಹೇಳಿದ್ದು ಒಳ್ಳೆಯದಾಯ್ತು. ಅದರಲ್ಲಿ ನಿನ್ನ ತಪ್ಪಿಲ್ಲ’ ಎಂದರೆ ಸಾಕು. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬೇಡಿ, ಆ ಮಾತನ್ನು ನೀವು ಉಳಿಸಿಕೊಳ್ಳಲಾಗದೆ ಹೋಗಬಹುದು.

‘ಅಪ್ಪನ ಹತ್ರ ಹೋಗ್ತೀನಿ’ ಎಂಬ ಅಳು ನಿಮ್ಮನ್ನು ಹೆಚ್ಚು ಗೊಂದಲಕ್ಕೆ ತಳ್ಳಿದೆ ಎಂದು ನಿಮ್ಮ ಬರಹದಿಂದ ತಿಳಿಯುತ್ತದೆ. ಹಿರಿಯರು ರಾಜಿಯ ಮಾತೆತ್ತಲು ಇದೇ ನೆಪವಾಗಿರಬೇಕು. ತಾಯಿ ಹೋದ ಮೇಲೆ ಆ ಹುಡುಗನಿಗೆ ಉಳಿದಿದ್ದವನು ಅವನೊಬ್ಬನೇ. ಹೊಡೆದ ಕೈಯೇ ಕುಡಿಯದ ದಿನಗಳಲ್ಲಿ ಉಣಿಸಿಯೂ ಇರಬಹುದು. ಎಷ್ಟು ಹೊಡೆದರೂ ಮಗು ತನ್ನನ್ನು ಸಾಕಿದವರನ್ನು ಬಿಟ್ಟುಕೊಡುವುದಿಲ್ಲ, ಅಪ್ಪ ಕೆಟ್ಟವನು ಎಂದು ಒಪ್ಪುವುದಕ್ಕಿಂತ ತಾನೇ ಕೆಟ್ಟವನು ಎಂದು ನಂಬುವುದು ಅದಕ್ಕೆ ಸುಲಭ. ಹೀಗಾಗಿ ಆ ಅಳುವಿನ ಅರ್ಥ ಅಲ್ಲಿ ಹಿಂಸೆಯಿರಲಿಲ್ಲ ಎಂದಲ್ಲ, ಅಲ್ಲಿಗೆ ಕಳಿಸಬೇಕು ಎಂದೂ ಅಲ್ಲ. ‘ಅಪ್ಪನ ನೆನಪಾಗ್ತದ, ಹೌದಲ್ಲ’ ಎಂದು ಹೇಳಿ ಪಕ್ಕದಲ್ಲಿ ಕುಳಿತುಕೊಳ್ಳಿ. ಅವನ ಮುಂದೆ ತಂದೆಯನ್ನು ಶಪಿಸಬೇಡಿ. ಆ ಶಾಪದಲ್ಲಿ ಅರ್ಧ ತನಗೂ ತಾಗಿತೆಂದು ಮಗು ಎಣಿಸುತ್ತದೆ. ಅಜ್ಜಿಯ ಬಳಿ ತಾಯಿಯ ಫೋಟೋ ಇದ್ದರೆ ಅವನಿಗೆ ಕಾಣುವಲ್ಲಿ ತೂಗುಹಾಕಿ. ಅವಳಿಗಾಗಿ ಈ ಹುಡುಗನಿಗೆ ಅಳಲು ಇನ್ನೂ ಅವಕಾಶವೇ ಸಿಕ್ಕಿಲ್ಲವೇನೋ.

ರಾಜಿಯ ವಿಷಯದಲ್ಲಿ ಹಿರಿಯರಿಗೆ ಗೌರವದಿಂದಲೇ, ಆದರೆ ಸ್ಪಷ್ಟವಾಗಿ ಹೇಳಬೇಕಾದ್ದಿದೆ. ಅವನು ಎಲ್ಲಿರಬೇಕೆಂಬುದನ್ನು 2015ರ ಬಾಲನ್ಯಾಯ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿ ಆದೇಶದ ಮೂಲಕ ತೀರ್ಮಾನಿಸಿದೆ. ಅದನ್ನು ಬದಲಿಸುವ ಅಧಿಕಾರ ಊರ ಪಂಚರಿಗಾಗಲಿ, ಅಜ್ಜಿಗಾಗಲಿ ಇಲ್ಲ. ಅದೇ ಕಾಯ್ದೆಯ 75ನೆಯ ಕಲಮಿನ ಪ್ರಕಾರ, ತನ್ನ ಸುಪರ್ದಿಯಲ್ಲಿರುವ ಮಗುವನ್ನು ಹೀಗೆ ಹಿಂಸಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ತಂದೆ ಕುಡಿತ ಬಿಟ್ಟು ಚಿಕಿತ್ಸೆ ಪಡೆದು ಮಗನನ್ನು ನೋಡಬೇಕೆಂದರೆ ದಾರಿ ಸಮಿತಿಯ ಮೂಲಕವೇ ಇದೆ. ಅವರು ಒಪ್ಪಿದರೆ ಬೇರೊಬ್ಬರ ಎದುರಿನಲ್ಲಿ, ನಿಗದಿತ ಸಮಯಕ್ಕೆ ಭೇಟಿ ಮಾಡಿಸಬಹುದು. ಜಾತ್ರೆಯ ದಿನ ದಿಢೀರನೆ ಬಂದು ಮಗನನ್ನು ಎತ್ತಿಕೊಂಡು ಹೋಗುವುದು ಇಂಥ ಪ್ರಕರಣಗಳಲ್ಲಿ ನಾನು ಕಂಡಿರುವ ದೊಡ್ಡ ಅಪಾಯ. ಆದೇಶದ ಒಂದು ಪ್ರತಿ ಅಜ್ಜಿಯ ಬಳಿ, ಇನ್ನೊಂದು ಮುಖ್ಯೋಪಾಧ್ಯಾಯರ ಬಳಿ ಇರಲಿ. ಬಲವಂತ ಮಾಡಿದರೆ 112ಕ್ಕೋ 1098ಕ್ಕೋ ಫೋನ್ ಮಾಡಿ.

ಹಾಸ್ಟೆಲಿನ ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಈಗ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಹೇಗಿದ್ದರೂ ಆರನೆಯ ತರಗತಿಯಿಂದ ಆರಂಭವಾಗುತ್ತವೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕು ಎಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ತಾಯಿ ಹೋದಳು, ಅಪ್ಪನ ಮನೆ ಹೋಯಿತು, ಈಗ ಅಜ್ಜಿಯೂ ಕಳಿಸಿದಳು ಎಂದು ಅವನು ಲೆಕ್ಕ ಹಾಕುತ್ತಾನೆ. ಆದರೆ ಅಜ್ಜಿಯ ಬಳಿಯೇ ಉಳಿಸುವುದರಲ್ಲಿಯೂ ಅಪಾಯವಿಲ್ಲದಿಲ್ಲ. ವಯಸ್ಸಾದ ಹೆಂಗಸು, ರಾತ್ರಿ ನಿದ್ದೆಯಿಲ್ಲ, ಮಗಳನ್ನು ಕಳೆದುಕೊಂಡ ದುಃಖ ಬೇರೆ. ಅವರು ಸೋತು ಒಂದು ದಿನ ‘ನಿಮ್ಮಪ್ಪನ ಕಡೆ ಹೋಗಿಬಿಡು’ ಎಂದುಬಿಟ್ಟರೆ ಆ ಒಂದು ಮಾತು ಅವನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಹುಡುಗನಿಗೆ ಮಾಡುವ ಸಹಾಯದ ಅರ್ಧ ಭಾಗ ಅಜ್ಜಿಗೆ ಸಲ್ಲಬೇಕು. ವಾರದಲ್ಲಿ ಎರಡು ರಾತ್ರಿ ಯಾರಾದರೂ ಅವರ ಮನೆಯಲ್ಲಿ ಮಲಗಲಿ. ಒಂದು ಹೊತ್ತಿನ ಅಡುಗೆಯನ್ನು ಸ್ತ್ರೀಶಕ್ತಿ ಸಂಘದವರು ಪಾಳಿಯ ಮೇಲೆ ವಹಿಸಿಕೊಳ್ಳಲಿ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಹಳ್ಳಿಯ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಅಜ್ಜಿಯ ಜೊತೆ ಹಾವೇರಿಗೆ ಹೋಗಿ ಬರುವ ಒಬ್ಬರು ಬೇಕು. ಆ ಒಬ್ಬರು ನೀವೇ ಆಗಬಹುದಲ್ಲವೇ?

ಗಾಳಿ ಸೋಕಿದೆ ಎನ್ನುವವರ ಮಾತಿಗೆ ಬರೋಣ. ಅಜ್ಜಿಗೆ ಸಮಾಧಾನವಾಗುವುದಾದರೆ ದೇವರಿಗೆ ಕಾಯಿ ಒಡೆಸಲಿ, ದೃಷ್ಟಿ ತೆಗೆಯಲಿ, ತಾಯತ ಕಟ್ಟಲಿ. ಅದಕ್ಕೆ ನನ್ನ ತಕರಾರಿಲ್ಲ. ಅಜ್ಜಿಯ ನೆಮ್ಮದಿ ಹುಡುಗನಿಗೂ ದಾಟುತ್ತದೆ. ಆದರೆ ಬೇವಿನ ಬರಲಿನಿಂದ ಹೊಡೆದು ‘ಬಿಡಿಸುವವರ’ ಬಳಿಗೆ, ಹೊಗೆ ಹಾಕುವವರ ಬಳಿಗೆ, ಮತ್ತೆ ಬರೆ ಎಳೆಯುವವರ ಬಳಿಗೆ ದಯವಿಟ್ಟು ಒಯ್ಯಬೇಡಿ. ಕರ್ನಾಟಕದಲ್ಲಿ ಇದನ್ನು ತಡೆಯಲೆಂದೇ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಿದೆ. ಕಾಯ್ದೆಯ ಮಾತು ಹಾಗಿರಲಿ, ಮೈಮೇಲೆ ಬರೆಯ ಗುರುತಿರುವ ಮಗುವನ್ನು ಮತ್ತೊಬ್ಬರ ಬರಲಿನ ಕೆಳಗೆ ಕೂರಿಸಿದರೆ, ಇಲ್ಲಿಯೂ ಅಲ್ಲಿಯಂತೆಯೇ ಎಂದು ಅವನಿಗೆ ಕಲಿಸಿದಂತಾಗುತ್ತದೆ.

ನೀವು ಕೊನೆಯಲ್ಲಿ ಅಂಜುತ್ತ ಕೇಳಿದ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅವನೂ ತಂದೆಯಂತೆ ಆಗುತ್ತಾನೆಯೇ? ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರೆಲ್ಲ ಮುಂದೆ ಹಿಂಸಿಸುತ್ತಾರೆ ಎಂಬುದು ನಿಜವಲ್ಲ. ಅದುವರೆಗಿನ ಅಧ್ಯಯನಗಳನ್ನು 1987ರಲ್ಲಿ ಒಟ್ಟಿಗೆ ಪರಿಶೀಲಿಸಿದ ಜೋನ್ ಕೌಫ್‌ಮನ್ ಮತ್ತು ಎಡ್ವರ್ಡ್ ಝಿಗ್ಲರ್, ಹಾಗೆ ಆಗುವವರ ಪ್ರಮಾಣ ನೂರಕ್ಕೆ ಸುಮಾರು 30 ಎಂದು ಅಂದಾಜು ಮಾಡಿದರು. ಉಳಿದ ಎಪ್ಪತ್ತು ಮಂದಿ ಹಾಗಾಗುವುದಿಲ್ಲ. ಮರುವರ್ಷ ಬೈರನ್ ಎಗ್ಲೆಂಡ್ ಮತ್ತು ಸಂಗಡಿಗರು, ತಾವು ಹೊಡೆತ ತಿಂದು ಬೆಳೆದರೂ ತಮ್ಮ ಮಕ್ಕಳ ಮೇಲೆ ಕೈ ಮಾಡದ ತಾಯಂದಿರ ಅಧ್ಯಯನವನ್ನು ಪ್ರಕಟಿಸಿದರು. ಅವರಲ್ಲಿ ಹೆಚ್ಚಾಗಿ ಕಂಡುಬಂದದ್ದು ಬಾಲ್ಯದಲ್ಲಿ ಹಿಂಸಿಸದ ಒಬ್ಬ ಹಿರಿಯರ ಆಸರೆ, ಮುಂದೆ ಎಂದಾದರೂ ಪಡೆದ ಚಿಕಿತ್ಸೆ, ಜೊತೆಗೆ ನಿಂತ ಬಾಳಸಂಗಾತಿ. ಈ ಮೂರರಲ್ಲಿ ಮೊದಲನೆಯದನ್ನು ಕೊಡಬಹುದಾದ ವಯಸ್ಸು ಈಗಲೇ ನಡೆಯುತ್ತಿದೆ. ‘ಅಪ್ಪನ ರಕ್ತ, ಎಲ್ಲಿ ಹೋದೀತು’ ಎಂಬ ಮಾತನ್ನು ಓಣಿಯಲ್ಲಿ ಯಾರೂ ತಮಾಷೆಗೂ ಆಡಬಾರದು. ಮಗು ಅದನ್ನು ಭವಿಷ್ಯವಾಣಿ ಎಂದು ತಿಳಿಯುತ್ತದೆ.

ಚಿಕಿತ್ಸೆ ಬೇಡವೇ ಎಂದರೆ, ಖಂಡಿತ ಬೇಕು. ನಾಲ್ಕು ತಿಂಗಳಾದರೂ ಈ ಲಕ್ಷಣಗಳು ಇಳಿಯದಿರುವಾಗ ಇನ್ನು ಕಾಯುವುದು ಸರಿಯಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಚಿಕಿತ್ಸಾಲಯವಿದೆ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಹೋಗುವ ಮೊದಲು ಮಾತನಾಡಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಎರಡು ಭೇಟಿಯ ನಂತರ ಗುಣ ಕಾಣಲಿಲ್ಲವೆಂದು ನಿಲ್ಲಿಸುವವರೇ ಹೆಚ್ಚು. ಇದು ಜ್ವರದ ಮಾತ್ರೆಯಂತೆ ಕೆಲಸ ಮಾಡುವುದಿಲ್ಲ. ಮೊದಲ ವಾರಗಳಲ್ಲಿ ಕನಸು, ಸಿಟ್ಟು ತುಸು ಹೆಚ್ಚಾಗಲೂಬಹುದು ಎಂದು ಅಜ್ಜಿಗೆ ಮುಂಚಿತವಾಗಿ ಹೇಳಿರಿ. ಸಾಯುವ ಮಾತಾಡಿದರೆ, ತನ್ನ ಮೈಯನ್ನೇ ಗಾಯ ಮಾಡಿಕೊಂಡರೆ, ಬೆಂಕಿ ಹಚ್ಚಲು ನೋಡಿದರೆ, ಕರೆದರೂ ಕೇಳಿಸದವನಂತೆ ಬಹಳ ಹೊತ್ತು ಶೂನ್ಯ ನೋಡುತ್ತ ಕುಳಿತರೆ, ಅದೇ ದಿನ ಕರೆದೊಯ್ಯಬೇಕು.

ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಮಾತ್ರ ಪೂರ್ತಿ ವಿಷಯ ತಿಳಿದಿರಲಿ. ಬೆನ್ನ ಹಿಂದೆ ಯಾರೂ ಇರದಂತೆ, ಬಾಗಿಲು ಕಾಣುವಂತೆ, ಗೋಡೆಯ ಪಕ್ಕದ ಜಾಗ ಕೊಡಲಿ. ಅವನ ತರಗತಿಗೆ ಬೆತ್ತ ಬರುವುದೇ ಬೇಡ. ಶಾಲೆಯಲ್ಲಿ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಹೇಗೂ ನಿಷೇಧಿಸಿದೆ. ಆಟಗಳಲ್ಲಿ ಹಿಡಿದು ನೆಲಕ್ಕೆ ಒತ್ತುವ ಕಬಡ್ಡಿ ಸದ್ಯಕ್ಕೆ ಬೇಡ, ಗೋಲಿ, ಬುಗುರಿ, ಹಗ್ಗದಾಟ ಆಗಲಿ. ನಿಮ್ಮಲ್ಲಿ ಶನಿವಾರದ ಭಜನೆಯಿದ್ದರೆ ಅವನ ಕೈಗೆ ತಾಳ ಕೊಡಿ. ಎಲ್ಲರೊಂದಿಗೆ ಒಂದೇ ಲಯದಲ್ಲಿ ತಾಳ ಹಾಕುವ ಅರ್ಧ ಗಂಟೆ ಇಂಥ ಮಕ್ಕಳ ಮೈಯ ಬಿಗಿಯನ್ನು ಸಡಿಲಿಸುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಯಾರದಾದರೂ ಮನೆಯಲ್ಲಿ ಕರುವಿದ್ದರೆ, ಹಿರಿಯರು ಜೊತೆಗಿರುವಾಗ, ಅದಕ್ಕೆ ನೀರು ಕುಡಿಸುವ ಕೆಲಸವನ್ನು ಅವನಿಗೆ ವಹಿಸಿ. ಎಲ್ಲರಿಂದ ಪಡೆದುಕೊಳ್ಳುವವನಾಗಿಯೇ ಉಳಿದ ಮಗು ಚಿಕ್ಕದಾಗುತ್ತ ಹೋಗುತ್ತದೆ, ತನಗಾಗಿ ಕಾಯುತ್ತಿರುವ ಒಂದು ಜೀವವಿದೆ ಎಂದು ತಿಳಿದರೆ ಅದು ನೆಟ್ಟಗೆ ನಿಲ್ಲುತ್ತದೆ.

ಅವನ ಕಥೆಯನ್ನು ಹಂಚುವುದನ್ನು ಇಂದಿನಿಂದಲೇ ನಿಲ್ಲಿಸಿ. ಫೋಟೋ ತೆಗೆದು ವಾಟ್ಸಾಪಿನಲ್ಲಿ ‘ನೊಂದ ಬಾಲಕನಿಗೆ ನೆರವಾಗಿ’ ಎಂದು ಕಳಿಸುವುದು, ಮಕ್ಕಳ ಗ್ರಾಮಸಭೆಯಲ್ಲಿ ಅವನ ಹೆಸರು ಹೇಳಿ ಚಪ್ಪಾಳೆ ತಟ್ಟಿಸುವುದು ಬೇಡವೇ ಬೇಡ. ಇಂಥ ಮಗುವಿನ ಗುರುತನ್ನು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಡಿ ಅಪರಾಧ. ಕೆಲವು ತಿಂಗಳ ನಂತರ ಅವನು ಊರಿನಲ್ಲಿ ಬರೆ ಹಾಕಿಸಿಕೊಂಡ ಹುಡುಗ ಎಂದು ಉಳಿಯದೆ, ಕರುವಿಗೆ ನೀರು ಕುಡಿಸುವ ಹುಡುಗ, ಭಜನೆಯಲ್ಲಿ ತಾಳ ಹಾಕುವ ಹುಡುಗ ಎಂದು ಗುರುತಾಗಬೇಕು.

ಸೌಟಿನ ವಿಷಯ ಉಳಿಯಿತು. ಸದ್ಯಕ್ಕೆ ಅಜ್ಜಿ ಒಗ್ಗರಣೆಯನ್ನು ಸಣ್ಣ ಬಾಣಲೆಯಲ್ಲಿ ಹಾಕಲಿ, ಕಬ್ಬಿಣದ ಸೌಟು ಕಣ್ಣಿಗೆ ಬೀಳದಂತೆ ಎತ್ತಿಡಲಿ. ಒಲೆ ಹೊತ್ತಿಸುವ ಮೊದಲು ‘ಈಗ ಸಾರಿಗೆ ಒಗ್ಗರಣಿ ಹಾಕ್ತೀನಿ, ನೀ ಬೇಕಾದ್ರ ಕಟ್ಟಿ ಮ್ಯಾಲೆ ಕುಂದರು’ ಎಂದು ದಿನವೂ ಹೇಳಲಿ. ಅವನು ಓಡಿ ನಿಮ್ಮ ಅಂಗಡಿಗೆ ಬಂದರೆ ಯಾಕೆ ಬಂದೆ ಎಂದು ಕೇಳದೆ ಜಾಗ ಕೊಡಿ. ಎಷ್ಟು ದಿನ ಹೀಗೆ ಎಂಬುದು ಒಂದೊಂದು ಮಗುವಿಗೆ ಒಂದೊಂದು ರೀತಿ. ನಡುವೆ ಹಬ್ಬದ ಗದ್ದಲದಲ್ಲೋ, ತಂದೆಯ ಫೋನು ಬಂದ ದಿನವೋ ಎಲ್ಲವೂ ಮೊದಲಿನಂತಾದಂತೆ ಕಾಣಬಹುದು. ಆಗ ಅಂಜದೆ ಅದೇ ಡಬ್ಬಿ, ಅದೇ ಹೊತ್ತು, ಅದೇ ಮಾತು ಮುಂದುವರಿಸಿ. ಅವನು ಅಜ್ಜಿಗೆ ಎದುರು ಮಾತಾಡತೊಡಗಿದರೆ, ಹೋಮ್‌ವರ್ಕ್ ಬೇಡವೆಂದು ಹಟ ಹಿಡಿದರೆ, ಬೇಸರಿಸದೆ ಗಮನಿಸಿ. ಏಟು ಬೀಳುವುದಿಲ್ಲ ಎಂದು ಖಚಿತವಾದ ಮಗು ಮಾತ್ರ ಹಟ ಮಾಡುತ್ತದೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೆಯೇ ಬಿಟ್ಟು, ಬಚ್ಚಿಡುವುದನ್ನು ಮರೆತು, ಅವನು ಆಟಕ್ಕೆ ಓಡಿದ ದಿನ ನನಗೆ ಇನ್ನೊಂದು ಪತ್ರ ಬರೆಯಿರಿ.